ಏಟಿಲ್ಲದ ತುತ್ತು

ನನ್ನ ಸೋದರತ್ತೆಯ ಬಲಗಿವಿಯ ಹಾಲೆ ಎರಡಾಗಿ ಸೀಳಿತ್ತು. ಓಲೆಯ ತೂತಿನಿಂದ ಕೆಳಗೆ ಚರ್ಮ ಹರಿದುಹೋಗಿ ಅಂಚಿನಲ್ಲಿ ಕಪ್ಪು ಹಕ್ಕಳೆ ಕಟ್ಟಿತ್ತು. ಸುತ್ತ ಮೆತ್ತಿದ್ದ ಅರಿಸಿನ ಒಣಗಿ ಕತ್ತಿನ ಮೇಲೆ ಉದುರುತ್ತಿತ್ತು. ಮಂಡ್ಯದ ಕಡೆಯ ಹಳ್ಳಿಯಿಂದ ಒಬ್ಬಳೇ ರೈಲು ಹತ್ತಿ ಬಂದು, ಸಿಕ್ಕಸಿಕ್ಕವರನ್ನು ಕನ್ನಡದಲ್ಲೇ ಕೇಳಿಕೊಂಡು ಕುರ್ಲಾದ ನಮ್ಮ ಸಾಲುಕೋಣೆಗಳ ಚಾಳನ್ನು ಹುಡುಕಿ, ಅವಳು ಬಾಗಿಲಲ್ಲಿ ನಿಂತಾಗ ನನ್ನ ಕಣ್ಣು ನೆಟ್ಟದ್ದು ಆ ಕಿವಿಯ ಮೇಲೆ. ಒಂದು ಕೈಯಲ್ಲಿ ರಾಗಿಹಿಟ್ಟಿನ ಚೀಲ, ಇನ್ನೊಂದರಲ್ಲಿ ಬಟ್ಟೆಯ ಗಂಟು. ಗಂಟಿನಿಂದ ಮುದ್ದೆ ತೊಳಸುವ ಕೋಲು ಹೊರಗೆ ಚಾಚಿಕೊಂಡಿತ್ತು.

ನನಗಾಗ ಏಳು ವರ್ಷ, ತಮ್ಮನಿಗೆ ನಾಲ್ಕು. ಅವಳು ಕೂತು ನೀರು ಕುಡಿಯುವಷ್ಟರಲ್ಲಿ ನಾನು ಕೇಳಿಯೇಬಿಟ್ಟೆ.

"ಅತ್ತೆ, ಕಿವಿಗೆ ಏನಾಯ್ತು?"

"ನಿಮ್ ಮಾವ ಕಿತ್ತ."

"ಯಾಕೆ?"

"ಸಾರಿಗೆ ಉಪ್ಪು ಒಸಿ ಜಾಸ್ತಿ ಆಗಿತ್ತು."

"ನೋವಾಯ್ತಾ?"

"ಆಯ್ತು ಮಗಾ. ಅವನ್ಗೂ ಆಯ್ತು. ಮುಂಗೈ ಮುರ್ದಾಕಿ ಬಂದಿವ್ನಿ."

ಅಮ್ಮ ಒಲೆಯ ಮುಂದಿನಿಂದ ಗಾಬರಿಯಾಗಿ ತಿರುಗಿದಳು. "ಅತ್ತಿಗೆ, ಮಕ್ಕಳ ಮುಂದೆ ಇದೆಲ್ಲ ಯಾಕೆ?" ಅತ್ತೆ ಲೋಟ ಕೆಳಗಿಟ್ಟು ಹೇಳಿದಳು: "ಕೂಸು ಕೇಳ್ತು, ಯೋಳ್ದೆ. ಸುಳ್ಳು ಯೋಳಾನ?"

ಸುಳ್ಳು ಹೇಳುವುದು ಅವಳಿಗೆ ಬರುತ್ತಲೇ ಇರಲಿಲ್ಲ. ಮಾತನ್ನು ಮೆತ್ತಗೆ ಮಾಡುವುದೂ ಬರುತ್ತಿರಲಿಲ್ಲ. ಅಗಲ ಭುಜ, ಗಟ್ಟಿ ಗಂಟಲು, ಎಲೆ ಅಡಿಕೆ ಹಾಕಿ ಕೆಂಪಾದ ಬಾಯಿ. ಕೋಣೆಗಳ ಮುಂದಿನ ಉದ್ದ ಗ್ಯಾಲರಿಯ ಕೊನೆಯಲ್ಲಿ ಇಡೀ ಮಹಡಿಗೆ ಒಂದೇ ನಲ್ಲಿ ಇತ್ತು. ಅವಳು ಬಂದ ಮರುದಿನ ಬೆಳಿಗ್ಗೆಯೇ ಅಲ್ಲಿ ಜಗಳವಾಗಿ, ಒಬ್ಬಾಕೆಯ ಕೊಡ ಕೆಳಗಿನ ಅಂಗಳಕ್ಕೆ ಬಿತ್ತು. ಹಿಂದಿಯಾಗಲೀ ಮರಾಠಿಯಾಗಲೀ ಒಂದು ಅಕ್ಷರ ಬಾರದಿದ್ದರೂ, ಬೈಗುಳಗಳನ್ನು ಮಾತ್ರ ಒಂದೇ ವಾರದಲ್ಲಿ ಕಲಿತಳು. ಕೊಡ ಕಳೆದುಕೊಂಡ ಆ ಪಕ್ಕದ ಕೋಣೆಯ ಮರಾಠಿ ಹೆಂಗಸು, ನಾವು ಮಾವಶಿ ಎಂದರೆ ಚಿಕ್ಕಮ್ಮ ಎನ್ನುತ್ತಿದ್ದವಳೇ, ಆಮೇಲೆ ಅವಳ ಜೀವದ ಗೆಳತಿಯಾದಳು.

ಅವಳು ಬರುವ ಹೊತ್ತಿಗೆ ನಮ್ಮ ಮನೆಯಲ್ಲಿ ಊಟವೆಂದರೆ ಯುದ್ಧವಾಗಿತ್ತು. ಅಪ್ಪ ಒಂದು ಕಾರ್ಖಾನೆಯ ಹಾಜರಿ ಬರೆಯುವ ಟೈಮ್ ಆಫೀಸಿನಲ್ಲಿ ಗುಮಾಸ್ತನಾಗಿದ್ದ. ಕೆಲಸದಿಂದ ಬಂದು ಕೈಕಾಲು ತೊಳೆದು ಊಟಕ್ಕೆ ಕೂತಾಗ ಸೊಂಟದ ಬೆಲ್ಟನ್ನು ಬಿಚ್ಚಿ, ಸುರುಳಿ ಸುತ್ತಿ, ತಟ್ಟೆಯ ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದ. ನೀರಿನ ಲೋಟ ಎಡಕ್ಕೆ, ಬೆಲ್ಟು ಬಲಕ್ಕೆ. ನಾನು ಅಷ್ಟಿಷ್ಟು ನುಂಗಿ ತಪ್ಪಿಸಿಕೊಳ್ಳುತ್ತಿದ್ದೆ. ತಮ್ಮನ ಕೈಲಿ ಅದು ಆಗುತ್ತಿರಲಿಲ್ಲ. ಬಿಸ್ಕತ್ತು, ಸಕ್ಕರೆ ಹಾಕಿದ ಹಾಲು, ಬಿಳಿ ಅನ್ನ ಇವಿಷ್ಟೇ ಅವನ ಪಾಲಿಗೆ ತಿನ್ನುವಂಥವು. ಹಸಿರು ಬಣ್ಣದ್ದು ಏನು ಕಂಡರೂ ಹಲ್ಲು ಕಚ್ಚುತ್ತಿದ್ದ. ಬೇಳೆಯಲ್ಲಿ ಒಂದು ಸೊಪ್ಪಿನ ಎಲೆ ಸಿಕ್ಕರೆ ಇಡೀ ತುತ್ತನ್ನು ಉಗುಳುತ್ತಿದ್ದ. ಉಗುಳಿದರೆ ಬೆಲ್ಟು. ಏಟು ಬಿದ್ದರೆ ವಾಂತಿ. ವಾಂತಿ ಮಾಡಿದರೆ ಮತ್ತೆ ಏಟು. ಅಮ್ಮ ನಡುವೆ ಬಂದರೆ ಅವಳಿಗೂ.

ಅಪ್ಪ ಕೆಟ್ಟವನಾಗಿದ್ದ ಎಂದು ಬರೆದು ಮುಗಿಸಿದರೆ ಅರ್ಧ ಮಾತು ಹೇಳಿದಂತೆ. ನನಗಿಂತ ಮುಂಚೆ ಅವರಿಗೆ ಒಬ್ಬಳು ಮಗಳು ಹುಟ್ಟಿದ್ದಳು. ಅವಳೂ ಏನೂ ತಿನ್ನುತ್ತಿರಲಿಲ್ಲವಂತೆ. ದಡಾರ ಬಂದಾಗ ಮೈಯಲ್ಲಿ ಶಕ್ತಿಯಿಲ್ಲದೆ ಹೋಗಿಬಿಟ್ಟಳು. ಅಪ್ಪನೇ ಅವಳನ್ನು ಹೆಗಲ ಮೇಲೆ ಹೊತ್ತು ಸ್ಮಶಾನಕ್ಕೆ ಒಯ್ದನಂತೆ. ಈಗ ತಮ್ಮನನ್ನು ದವಾಖಾನೆಗೆ ಕರೆದುಕೊಂಡು ಹೋದಾಗ ಡಾಕ್ಟರು ಅವನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಬಚ್ಚೇ ಮೇ ಖೂನ್ ಹೀ ನಹೀ ಹೈ, ಇಸಕೋ ಖಿಲಾತೇ ನಹೀ ಕ್ಯಾ?" ಮಗುವಿನ ಮೈಯಲ್ಲಿ ರಕ್ತವೇ ಇಲ್ಲ, ಇವನಿಗೆ ತಿನ್ನಿಸುವುದಿಲ್ಲವೇ ಎಂದು ಎಲ್ಲರೆದುರು ಗದರಿದ್ದರು. ಸೊಪ್ಪು, ತರಕಾರಿ, ಕಾಳು ಕೊಡಿ ಎಂದಿದ್ದರು. ಅವತ್ತಿನಿಂದ ಅಪ್ಪನ ಕೈ ಇನ್ನೂ ಜೋರಾಯಿತು. ಮಗನನ್ನು ಬದುಕಿಸಲು ಅವನಿಗೆ ಗೊತ್ತಿದ್ದದ್ದು ಅದೊಂದೇ ದಾರಿ.

ಅತ್ತೆ ಬಂದು ಇನ್ನೂ ವಾರ ತುಂಬಿರಲಿಲ್ಲ. ಕಾರ್ಖಾನೆಗೆ ರಜೆ. ಮಧ್ಯಾಹ್ನ ಅಮ್ಮ ಪಾಲಕ್ ಹಾಕಿ ಬೇಳೆ ಮಾಡಿದ್ದಳು. ತಮ್ಮ ಬಾಯಿ ಬಿಡಲಿಲ್ಲ. ಅಪ್ಪ ಅವನನ್ನು ಅಂಗಾತ ಮಲಗಿಸಿ, ಎರಡು ಮಂಡಿಗಳ ನಡುವೆ ಅವನ ತೋಳುಗಳನ್ನು ಅದುಮಿ, ಮೂಗು ಹಿಡಿದ. ಉಸಿರಿಗೆ ಬಾಯಿ ತೆರೆದ ಕೂಡಲೇ ಸ್ಟೀಲ್ ಚಮಚವನ್ನು ಒಳಗೆ ತುರುಕಿದ. ತಮ್ಮನ ಕಾಲುಗಳು ನೆಲಕ್ಕೆ ಬಡಿಯುತ್ತಿದ್ದವು. ಗಂಟಲಿನಿಂದ ಗೊರಗೊರ ಎನ್ನುವ ಸದ್ದು. ಎರಡನೆಯ ಸಲ ಚಮಚ ಹೊರಗೆ ಬಂದಾಗ ಅದರಲ್ಲಿ ರಕ್ತವಿತ್ತು. ಹಾಲುಹಲ್ಲೊಂದು ಮುರಿದು ಬೇಳೆಯ ಜೊತೆ ತಟ್ಟೆಗೆ ಬಿತ್ತು.

ಅತ್ತೆ ಕೋಣೆಯ ಮೂಲೆಯಲ್ಲಿದ್ದ ಬಚ್ಚಲಿನಂಥ ಮೋರಿಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅವಳು ಎದ್ದದ್ದು ನನಗೆ ಕಾಣಲಿಲ್ಲ. ಮುದ್ದೆ ಕೋಲು ಅಪ್ಪನ ಬೆನ್ನಿಗೆ ಬಿದ್ದ ಸದ್ದು ಕೇಳಿಸಿತು. ಒಂದಲ್ಲ, ಮೇಲಿಂದ ಮೇಲೆ. ಅಪ್ಪ ಪಕ್ಕಕ್ಕೆ ಉರುಳಿದ. ಅವನು ಏಳುವ ಮೊದಲೇ ಅತ್ತೆ ಕೋಲು ಬಿಸಾಡಿ ಅವನ ಎದೆಯ ಮೇಲೆ ಕೂತಳು. ಒಂದು ಕೈಯಲ್ಲಿ ಅವನ ಮೂಗು ಅದುಮಿದಳು. ಇನ್ನೊಂದು ಕೈಯಲ್ಲಿ ತಟ್ಟೆಯಲ್ಲಿದ್ದ ಬೇಳೆಯನ್ನು ಹಿಡಿಯಾಗಿ ಬಾಚಿ, ರಕ್ತದ ಸಮೇತ, ಅವನ ಬಾಯಿಗೆ ತುರುಕಿದಳು.

"ನುಂಗ್ಲಾ. ನುಂಗು. ಎಂಗದೆ ರುಚಿ? ಚೆಂದಾಗದಾ?"

ಅಪ್ಪ ಕೆಮ್ಮಿದ, ಒದ್ದಾಡಿದ. ಅವಳು ಬಿಡಲಿಲ್ಲ. ಅಮ್ಮ "ಅತ್ತಿಗೆ, ಸತ್ತೋಗ್ತಾರೆ, ಬಿಡಿ" ಎಂದು ಕಿರುಚಿ ಅವಳ ತೋಳು ಎಳೆದಳು. ಅತ್ತೆ ತೋಳು ಕೊಡವಿದ ರಭಸಕ್ಕೆ ಅಮ್ಮ ಗೋಡೆಗೆ ಬಿದ್ದಳು. ಬಾಗಿಲಲ್ಲಿ ಅಕ್ಕಪಕ್ಕದವರೆಲ್ಲ ಸೇರಿದ್ದರು.

"ನಮ್ಮಪ್ಪ ನಿನ್ ಎದೆ ಮ್ಯಾಲೆ ಇಂಗೇ ಕೂತ್ಕತಿದ್ದ. ನೆಪ್ಪದಾ?" ಅತ್ತೆಯ ದನಿ ಈಗ ತಗ್ಗಿತ್ತು. "ಬಾರುಕೋಲು ತಕಂಡು ಉಣ್ಣಿಸ್ತಿದ್ದ. ಆಗ ನಿನ್ನ ಎತ್ಕಂಡು ಇತ್ತಲಿಗೆ ಓಡ್ತಿದ್ದೋಳು ಯಾರ್ಲಾ? ಮರ್ತೋಯ್ತಾ?"

ಅಪ್ಪ ಒದ್ದಾಡುವುದನ್ನು ನಿಲ್ಲಿಸಿದ. ಅವಳು ಅವನ ಮೇಲಿಂದ ಎದ್ದಳು. ಅವನು ಮಗುಚಿ ಮಲಗಿ, ನೆಲಕ್ಕೆ ಮುಖ ಒತ್ತಿಕೊಂಡು ಅತ್ತ. ದೊಡ್ಡ ಗಂಡಸು ಹಾಗೆ ಅಳುವುದನ್ನು ನಾನು ಅವತ್ತೇ ಮೊದಲು ಕಂಡದ್ದು. ನನಗೆ ಬೆಲ್ಟಿಗಿಂತ ಅದೇ ಹೆಚ್ಚು ಭಯವಾಯಿತು.

ಅತ್ತೆ ತಮ್ಮನ ಬಾಯಿ ತೊಳೆಸಿ, ವಸಡಿಗೆ ಉಪ್ಪುನೀರು ಹಾಕಿ, ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಗ್ಯಾಲರಿಯಲ್ಲಿ ಅಡ್ಡಾಡಿದಳು. ಒಳಗೆ ಬಂದಮೇಲೆ ಅಪ್ಪ ಅಮ್ಮ ಇಬ್ಬರಿಗೂ ಒಂದೇ ಮಾತು ಹೇಳಿದಳು.

"ಈ ಮನೇಲಿ ಇನ್ಮ್ಯಾಲೆ ಐಕ್ಳಿಗೆ 'ಉಣ್ಣು' ಅಂತ ಯಾರೂ ಅನ್ನಂಗಿಲ್ಲ. ಅಂದ್ರೆ ನನ್ ಕೈಲಿ ಕೋಲದೆ."

ಆಮೇಲಿನ ದಿನಗಳು ಸುಲಭವಾಗಿರಲಿಲ್ಲ. ಅತ್ತೆ ಬಿಸ್ಕತ್ತಿನ ಡಬ್ಬಿಯನ್ನು ಗ್ಯಾಲರಿಯಿಂದ ಕೆಳಕ್ಕೆಸೆದಳು. ಊಟದ ಹೊತ್ತಿಗೆ ನೆಲದ ಮಧ್ಯೆ ದೊಡ್ಡ ಹರಿವಾಣವಿಟ್ಟು, ಮುದ್ದೆ, ಸೊಪ್ಪಿನ ಸಾರು, ಕಾಳಿನ ಪಲ್ಯ ಹಾಕಿಕೊಂಡು ತಾನು ಉಣ್ಣುತ್ತಿದ್ದಳು. ನಮ್ಮನ್ನು ಕರೆಯುತ್ತಿರಲಿಲ್ಲ, ನಮ್ಮ ಕಡೆ ನೋಡುತ್ತಲೂ ಇರಲಿಲ್ಲ. ಬಂದು ಕೂತರೆ ಅವಳದೇ ತಟ್ಟೆಯ ಅಂಚಿನಲ್ಲಿ ಜಾಗ. ಬರದಿದ್ದರೆ ಇಲ್ಲ. ಇಡೀ ದಿನ ತಮ್ಮ ಏನನ್ನೂ ಮುಟ್ಟದೆ ಮೂಲೆಯಲ್ಲಿ ಮುದುಡಿ ಕೂತಿದ್ದ. ಅಮ್ಮ ಸೆರಗಿನಲ್ಲಿ ಬಾಳೆಹಣ್ಣು ಮುಚ್ಚಿಕೊಂಡು ಅವನ ಹತ್ತಿರ ಹೋದಾಗ ಅತ್ತೆ ಅವಳ ಕೆನ್ನೆಗೆ ಹೊಡೆದಳು.

"ಒಟ್ಟೆ ಅನ್ನೋದು ಅವನ್ದು ಕಣಮ್ಮಿ. ಅಸಿವು ಅವನ್ಗೆ ಗೊತ್ತಾಗ್ಲಿ ಬುಡು. ನಿಮ್ ಭಯಾನೆಲ್ಲ ಆ ಕೂಸಿನ ಬಾಯಿಗೆ ತುರುಕಿ ತುರುಕಿ ಅವನ್ಗೆ ಅಸಿವೇ ಸತ್ತೋಗದೆ."

ಹೊಡೆದದ್ದು ತಪ್ಪು. ಅಮ್ಮ ಅದನ್ನು ಮರೆಯಲಿಲ್ಲ. ಅಮ್ಮ ಸಾಯುವವರೆಗೂ ಅತ್ತೆಯ ಬಗ್ಗೆ ಒಳ್ಳೆಯ ಮಾತಾಡುತ್ತಾ ಆಡುತ್ತಾ, ಆ ಏಟಿನ ಹತ್ತಿರ ಬಂದು ಮಾತು ಬದಲಿಸುತ್ತಿದ್ದಳು.

ಏಟು ತಿಂದು ತಿಂದು ತಮ್ಮನಿಗೂ ಹೊಡೆಯುವ ಚಟ ಬಂದಿತ್ತು. ನನ್ನನ್ನು ಕಚ್ಚುತ್ತಿದ್ದ. ಗೋಡೆಗೆ ಒದೆಯುತ್ತಿದ್ದ. ಮಾವಶಿಯ ಬೆಕ್ಕಿನ ಬಾಲ ಹಿಡಿದು ನೆಲಕ್ಕೆ ಬಡಿಯಲು ಹೋಗಿದ್ದ. ಅತ್ತೆ ಅದನ್ನು ನೋಡುತ್ತಿದ್ದಳು. ಒಂದು ದಿನ ಅವನನ್ನು ಎಳೆದುಕೊಂಡು ಬಂದು ಮೋರಿಯ ಮುಂದೆ ಕೂರಿಸಿ, ಒಂದು ಹಲಗೆಯ ಮೇಲೆ ಬೀಟ್‌ರೂಟ್ ಇಟ್ಟು, ಕೈಗೆ ಗುಂಡುಕಲ್ಲು ಕೊಟ್ಟಳು.

"ನಿಮ್ಮಪ್ಪನ್ನ ಒಡಿಯಕ್ಕೆ ನಿನ್ ಕೈಲಿ ಆಗಕಿಲ್ಲ. ಬೆಕ್ಕು ಏನೂ ಮಾಡಿಲ್ಲ. ಇದ್ನ ಒಡಿ. ಸಾಯಂಗೆ ಒಡಿ."

ಅವನು ಮೊದಲು ಮೆಲ್ಲಗೆ ತಟ್ಟಿದ. ಆಮೇಲೆ ಎರಡೂ ಕೈಯಲ್ಲಿ ಕಲ್ಲೆತ್ತಿ ಕುಕ್ಕಿದ. ಬೀಟ್‌ರೂಟ್ ಒಡೆದು ಕೆಂಪು ರಸ ಅವನ ಮುಖಕ್ಕೆ ಸಿಡಿಯಿತು. ಅವನು ಬೆಚ್ಚಿ ಅತ್ತೆಯ ಮುಖ ನೋಡಿದ. "ಇನ್ನೂ ಸತ್ತಿಲ್ಲ ಕಣ್ಲಾ" ಎಂದಳು. ಅವನು ಕಿರುಚುತ್ತಾ ಕುಕ್ಕಿದ. ಅಂಗಿ, ಗೋಡೆ, ಅತ್ತೆಯ ಸೀರೆ ಎಲ್ಲ ಕೆಂಪು. ಹೊಡೆಯುತ್ತಾ ಹೊಡೆಯುತ್ತಾ ಅವನ ಅಳು ಹೊರಗೆ ಬಂತು, ಆಮೇಲೆ ನಗು ಬಂತು. ನಲ್ಲಿಯಿಂದ ನೀರು ತಂದ ಅಮ್ಮ ಬಾಗಿಲಲ್ಲಿ ಇದನ್ನು ಕಂಡು ಕೊಡ ಕೈಬಿಟ್ಟು ಚೀರಿದಳು. ಮಾವಶಿ ಲಟ್ಟಣಿಗೆ ಹಿಡಿದು ಓಡಿಬಂದಳು. ಅತ್ತೆ ಮಾತ್ರ ಜಜ್ಜಿದ ಬೀಟ್‌ರೂಟನ್ನು ಬಟ್ಟಲಿಗೆ ಬಳಿದು, ಉಪ್ಪು ಹಾಕಿ, ನಿಂಬೆಹಣ್ಣು ಹಿಂಡಿ, ಹುರಿದ ಕಡಲೆಕಾಯಿ ಪುಡಿ ಕಲಸಿ, ತಾನೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು.

"ನಾ ಸಾಯಿಸಿದ್ದು" ಎಂದ ತಮ್ಮ.

"ಊಂ. ನಿಂದೇಯ."

ಅವನು ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡ. ಬೆರಳು ಅದ್ದಿದ, ನೆಕ್ಕಿದ. ಮುಖ ಕಿವಿಚಿದ. ಮತ್ತೆ ನೆಕ್ಕಿದ. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಅವನು ಅರ್ಧ ಬಟ್ಟಲು ತಿಂದು, ಉಳಿದದ್ದನ್ನು ನನಗೆ ಕೊಡದೆ ತೊಡೆಯ ಸಂದಿಯಲ್ಲಿ ಬಚ್ಚಿಟ್ಟುಕೊಂಡ.

ಅಲ್ಲಿಂದ ಮುಂದೆ ನಮ್ಮ ಅಡುಗೆಮನೆ ಕಸಾಯಿಖಾನೆಯಂತಾಯಿತು. ಪಡವಲಕಾಯಿಯ ಕತ್ತು ಮುರಿಯುವುದು, ಕೋಸಿನ ಮುಂಡದಿಂದ ಎಲೆ ಹರಿಯುವುದು, ನುಗ್ಗೆಕಾಯಿಯ ಮೂಳೆ ಸೀಳಿ ಒಳಗಿನದನ್ನು ಹೀರುವುದು. ಚಳಿಗಾಲದಲ್ಲಿ ನೆನೆಸಿದ ಅವರೆಕಾಳನ್ನು ಎರಡು ಬೆರಳಲ್ಲಿ ಹಿಸುಕಿದರೆ ಒಳಗಿನ ಬೇಳೆ ಚಂಗನೆ ಹಾರಿ ಎದುರಿನವರ ಕಣ್ಣಿಗೆ ಬಡಿಯುತ್ತಿತ್ತು. "ಕತ್ತು ಇಸುಕು, ಪಿರಾಣ ಆರೋಗ್ಲಿ" ಎಂದು ಅತ್ತೆ ಹುರಿದುಂಬಿಸುತ್ತಿದ್ದಳು. ರಾಗಿಯನ್ನು ಇಲ್ಲಿ ನಾಚ್ಣಿ ಎನ್ನುತ್ತಾರೆಂದು ಮಾವಶಿಯಿಂದ ತಿಳಿದುಕೊಂಡು, ಸ್ಟೇಷನ್ನಿನ ಹೊರಗಿನ ಅಂಗಡಿಯಿಂದ ತಂದು ತಾನೇ ಬೀಸುತ್ತಿದ್ದಳು. ತುತ್ತು ಕಟ್ಟುತ್ತಾ ಕಥೆ ಹೇಳುವಳು. ಅವಳ ಕಥೆಗಳಲ್ಲಿ ರಾಜಕುಮಾರಿಯರಿರಲಿಲ್ಲ. ದಂಡು ಬರುತ್ತಿತ್ತು, ಊರಿಗೆ ಬೆಂಕಿ ಬೀಳುತ್ತಿತ್ತು, ತಲೆಗಳು ಉರುಳುತ್ತಿದ್ದವು. ಪ್ರತಿ ತುತ್ತಿಗೂ ಒಂದು ತಲೆ. ಕಥೆ ನಿಂತ ಜಾಗದಲ್ಲಿ ತುತ್ತು ಹರಿವಾಣದ ಅಂಚಿನಲ್ಲಿ ಕೂತಿರುತ್ತಿತ್ತು. ಬೇಕಾದವರು ಎತ್ತಿಕೊಳ್ಳಬಹುದು. ಮುಂದೇನಾಯಿತು ಎಂಬ ಆತುರದಲ್ಲಿ ಮೆಂತ್ಯದ ಸೊಪ್ಪೋ ಹಾಗಲಕಾಯೋ ನೋಡದೆ ನಾವು ನುಂಗುತ್ತಿದ್ದೆವು. ಚಾಳಿನ ಬೇರೆ ಮಕ್ಕಳೂ ಬಂದು ಸುತ್ತ ಕೂರುತ್ತಿದ್ದರು. ಅವಳ ಮಂಡ್ಯದ ಮಾತು ಅವರಿಗೆ ತಿಳಿಯದಿದ್ದರೂ, ಅವಳ ಕೈ ಗಾಳಿಯಲ್ಲಿ ಕತ್ತಿಯಾಗಿ ಬೀಸುವುದು ತಿಳಿಯುತ್ತಿತ್ತು.

ಅಪ್ಪ ಇದನ್ನೆಲ್ಲ ಬಾಗಿಲ ಹತ್ತಿರ ಕೂತು ನೋಡುತ್ತಿದ್ದ. ಬೆಲ್ಟು ಸೊಂಟದಲ್ಲೇ ಉಳಿಯುತ್ತಿತ್ತು. ಆದರೆ ಅವನು ಮಕ್ಕಳ ಹತ್ತಿರ ಊಟಕ್ಕೆ ಕೂರುವ ಧೈರ್ಯ ಮಾಡಲಿಲ್ಲ. ಅವನು ತಟ್ಟೆ ಹಿಡಿದು ಹತ್ತಿರ ಬಂದರೆ ತಮ್ಮ ಎದ್ದುಹೋಗುತ್ತಿದ್ದ.

ಅದಾಗಿ ವರ್ಷ ಕಳೆದಿತ್ತು. ಒಂದು ಭಾನುವಾರ ನಾವು ಅತ್ತೆಯ ಸುತ್ತ ಕೂತು ಉಣ್ಣುತ್ತಿದ್ದಾಗ ಬಾಗಿಲಿಗೆ ಇಬ್ಬರು ಗಂಡಸರು ಬಂದು ನಿಂತರು. ಒಬ್ಬನ ಎಡ ಮುಂಗೈ ಸೊಟ್ಟಗಿತ್ತು. ಅವನು ಮಾವ ಎಂದು ನನಗೆ ಯಾರೂ ಹೇಳಬೇಕಾಗಲಿಲ್ಲ. ಇನ್ನೊಬ್ಬ ಅವನ ತಮ್ಮ.

"ಕಂಡೋರ್ ಮನೇಲಿ ಬಿದ್ಕಂಡು ತಿಂತಾ ಇದ್ದೀಯಾ? ಏಳು" ಎಂದ ಮಾವ.

ಅತ್ತೆ ಕೈಯಲ್ಲಿದ್ದ ತುತ್ತನ್ನು ನುಂಗಿ, "ಬರಾಕಿಲ್ಲ" ಎಂದಳು.

ಅವನು ಹರಿವಾಣಕ್ಕೆ ಒದ್ದ. ಬಿಸಿ ಸಾರು ನನ್ನ ಕಾಲಿನ ಮೇಲೆ ಚೆಲ್ಲಿತು. ಅವನು ಅತ್ತೆಯ ತುರುಬಿಗೆ ಕೈ ಹಾಕಿ ಬಾಗಿಲ ಕಡೆಗೆ ಎಳೆದ. ಅತ್ತೆ ಕೂಗಲಿಲ್ಲ. ಹೊಸಿಲಿಗೆ ಎರಡೂ ಕಾಲು ಕೊಟ್ಟು, ಮೈ ಬಿಗಿದು, ಹಲ್ಲು ಕಚ್ಚಿ ತಡೆದಳು. ಅವನ ತಮ್ಮ ಅವಳ ಕಾಲುಗಳನ್ನು ಒದ್ದು ಬಿಡಿಸಿದ. ಗ್ಯಾಲರಿಯ ಉದ್ದಕ್ಕೂ ಅವಳನ್ನು ದರದರ ಎಳೆದರು. ಸಿಮೆಂಟಿನ ಮೇಲೆ ಅವಳ ಮೊಣಕೈ ಕಿತ್ತು ರಕ್ತದ ಗೆರೆ ಬಿತ್ತು. ನನ್ನ ತಮ್ಮ ಓಡಿಹೋಗಿ ಮಾವನ ಮೀನಖಂಡಕ್ಕೆ ಬಾಯಿ ಹಾಕಿ ಕಚ್ಚಿ ಜೋತುಬಿದ್ದ. ಮಾವ ಕಾಲು ಝಾಡಿಸಿದ ರಭಸಕ್ಕೆ ಅವನು ಕಟಕಟೆಗೆ ಬಡಿದು ಬಿದ್ದ.

ಅಪ್ಪ ಅಲ್ಲಿಯವರೆಗೂ ಗೋಡೆಗೆ ಅಂಟಿಕೊಂಡು ನಿಂತಿದ್ದ. ಭಾವನ ಎದುರು ದನಿ ಎತ್ತಿ ಮಾತಾಡಿದವನಲ್ಲ. ಮಗ ಬಿದ್ದದ್ದು ಕಂಡದ್ದೇ ಅವನು ಹಾರಿ ಮಾವನ ಕುತ್ತಿಗೆ ಹಿಡಿದ. ಮುಖಕ್ಕೆ ಗುದ್ದಿದ, ಮೂಗು ಒಡೆಯಿತು. ಮತ್ತೆ ಗುದ್ದಿದ. ಕಟಕಟೆಗೆ ಅವನನ್ನು ಒತ್ತಿ, ಅರ್ಧ ಮೈ ಆಚೆಗೆ ಬಾಗಿಸಿ, ಎರಡೂ ಹೆಬ್ಬೆರಳು ಗಂಟಲಿಗೆ ಊರಿದ. ಕೆಳಗೆ ಅಂಗಳದಲ್ಲಿ ಜನ ತಲೆಯೆತ್ತಿ ಕೂಗುತ್ತಿದ್ದರು. ಮಾವನ ತಮ್ಮ ಯಾವಾಗಲೋ ಓಡಿಹೋಗಿದ್ದ. ಮಾವನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಅಪ್ಪನನ್ನು ಬಿಡಿಸಲು ಬಂದ ಗಂಡಸರು ಅವನ ಮುಖ ನೋಡಿ ಹಿಂದೆ ಸರಿದರು.

ಅತ್ತೆ ಎದ್ದು ನಿಂತಳು. ಕೂದಲು ಬಿಚ್ಚಿಹೋಗಿ, ಮೊಣಕೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಅಪ್ಪನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದಳು.

"ಬುಡ್ಲಾ. ಐಕ್ಳು ಊಟ ಅರ್ಧಕ್ಕೆ ನಿಂತದೆ."

ಅಪ್ಪನ ಬೆರಳುಗಳು ಒಂದೊಂದಾಗಿ ಸಡಿಲವಾದವು. ಮಾವ ಕೆಳಗೆ ಕುಸಿದು ಕೆಮ್ಮಿದ. "ಬದುಕ್ಬೇಕು ಅಂತಿದ್ರೆ ಓಗು. ಇನ್ನೊಂದ್ ಸಲ ನಾನು ಬುಡು ಅನ್ನಕಿಲ್ಲ" ಎಂದಳು ಅತ್ತೆ. ಅವನು ಮೂಗು ಹಿಡಿದುಕೊಂಡು ಮೆಟ್ಟಿಲಿಳಿದು ಹೋದ.

ಒಳಗೆ ಬಂದು ಅವಳು ನನ್ನ ಸುಟ್ಟ ಕಾಲಿಗೆ ತಣ್ಣೀರು ಸುರಿದಳು. ನೆಲ ಒರೆಸಿದಳು. ಅಮ್ಮ ಮತ್ತೆ ಬಡಿಸಲು ಹೋದಾಗ ತಡೆದಳು. "ತಡಿ. ಎಲ್ರ ಕೈಯೂ ನಡುಗ್ತಾವೆ. ನಡುಕ ನಿಲ್ಲೋ ಗಂಟ ಉಣ್ಣಬಾರ್ದು, ಒಟ್ಟೆ ಒಪ್ಪಕಿಲ್ಲ." ಒಬ್ಬರ ಕೈ ಒಬ್ಬರು ನೋಡುತ್ತಾ ಕೂತೆವು. ಎಲ್ಲರಿಗಿಂತ ಕೊನೆಗೆ ನಿಂತದ್ದು ಅವಳ ಕೈಯೇ.

ಆ ನಡುಕ ಪೂರ್ತಿ ನಿಲ್ಲಲಿಲ್ಲವೇನೋ. ಆಮೇಲಿನ ದಿನಗಳಲ್ಲಿ ಮೆಟ್ಟಿಲ ಮೇಲೆ ಜೋರು ಹೆಜ್ಜೆ ಕೇಳಿದರೆ ಅವಳು ಸೌಟು ಹಿಡಿದು ಬಾಗಿಲಿಗೆ ಬರುತ್ತಿದ್ದಳು. ಕಥೆಗಳು ಕಡಿಮೆಯಾದವು. ಸಣ್ಣದಕ್ಕೂ ರೇಗುತ್ತಿದ್ದಳು. ಒಂದು ಸಂಜೆ ಉಪ್ಸಾರು ಮಾಡಿದ್ದಳು. ಶಾಲೆಗೆ ಹೋಗತೊಡಗಿದ್ದ ತಮ್ಮ ಯಾರಿಂದಲೋ ಕಲಿತ ಹಾಗೆ ಮೂಗು ಮುಚ್ಚಿಕೊಂಡು, "ಛೀ, ಗಂದಾ ಹೈ" ಎಂದು ಬಟ್ಟಲು ತಳ್ಳಿದ. ಸಾರು ಅವಳ ಮಡಿಲಿಗೆ ಚೆಲ್ಲಿತು. ಅವಳ ಕೈ ಅವನ ಕೆನ್ನೆಗೆ ಬಿತ್ತು. ಎಂಥ ಏಟೆಂದರೆ ಅವನು ಕೂತಲ್ಲಿಂದ ಹಾರಿ ಟ್ರಂಕಿನ ಮೂಲೆಗೆ ಬಿದ್ದ. ಹುಬ್ಬು ಸೀಳಿ ಕಣ್ಣಿನೊಳಗೆ ರಕ್ತ ಇಳಿಯಿತು.

ಅತ್ತೆ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಅಮ್ಮ ಮಗುವನ್ನು ಎತ್ತಿಕೊಂಡು ದವಾಖಾನೆಗೆ ಓಡಿದಳು. ಅತ್ತೆ ಚಪ್ಪಲಿಯನ್ನೂ ಮೆಟ್ಟದೆ ಎದ್ದುಹೋದಳು.

ಅಪ್ಪ ಕೆಲಸದಿಂದ ಬಂದವನು ವಿಷಯ ಕೇಳಿ, ನನ್ನ ಕೈ ಹಿಡಿದುಕೊಂಡು ಅವಳನ್ನು ಹುಡುಕಲು ಹೊರಟ. ಅವಳು ಕುರ್ಲಾ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದಳು. ಲೋಕಲ್‌ಗಳು ಬಂದು ಜನರನ್ನು ಸುರಿದು ಹೋಗುತ್ತಿದ್ದವು. ಜನ ಅವಳ ಮಂಡಿಗೆ ತಾಗಿ, ಬೈದು, ಮುಂದೆ ಹೋಗುತ್ತಿದ್ದರು. ಅವಳು ಕದಲಿರಲಿಲ್ಲ.

"ನಾನೂ ನಮ್ಮಪ್ಪನಂಗೇ ಆದ್ನಲ್ಲೋ" ಎಂದಳು ಅಪ್ಪನನ್ನು ಕಂಡು.

"ಏಳಕ್ಕ, ಮನೆಗೆ ಹೋಗಣ."

"ಆ ಕೂಸಿನ ಮುಂದೆ ಯಾವ ಮಕ ಇಟ್ಕಂಡು ಬರ್ಲಿ?"

ಅಪ್ಪ ಅವಳ ಪಕ್ಕ ಕೂತ. ಒಂದು ಗಾಡಿ ಹಾದುಹೋದ ಮೇಲೆ ಹೇಳಿದ: "ನಾನು ದಿನಾ ಅದೇ ಮುಖ ಇಟ್ಕೊಂಡು ಬರ್ತಿರ್ಲಿಲ್ವಾ?"

ಅವಳು ಎದ್ದಳು.

ಮನೆಯಲ್ಲಿ ತಮ್ಮ, ಹುಬ್ಬಿಗೆ ಪಟ್ಟಿ ಕಟ್ಟಿಸಿಕೊಂಡು, ಅಮ್ಮನ ಮಡಿಲಲ್ಲಿ ಮಲಗಿದ್ದ. ಅತ್ತೆಯನ್ನು ಕಂಡು ಮುಖ ತಿರುಗಿಸಿದ. ಅವಳು ಸ್ವಲ್ಪ ದೂರದಲ್ಲೇ ನೆಲದ ಮೇಲೆ ಕೂತಳು.

"ನಾ ಒಡದೆ ಮಗಾ. ಸಾರು ಚೆಲ್ದೆ ಅಂತ ಒಡದೆ ಅನ್ನಕಿಲ್ಲ, ಅದು ಸುಳ್ಳು. ನಂಗೆ ಕ್ವಾಪ ಇತ್ತು. ನೀನು ಚಿಕ್ಕೋನು, ತಿರುಗಿಸಿ ಒಡಿಯಕಿಲ್ಲ ಅಂತ ಗೊತ್ತಿತ್ತು. ಅದ್ಕೆ ಒಡದೆ."

ಅವಳು ಉತ್ತರಕ್ಕೆ ಕಾಯದೆ ಗೋಡೆಗೆ ಒರಗಿಕೊಂಡಳು. ಅವತ್ತು ಅಡುಗೆ ಮಾಡಿದ್ದು ಅಪ್ಪ. ಜೀವನದಲ್ಲಿ ಮೊದಲ ಸಲ ಮುದ್ದೆ ತೊಳಸಿದ. ಎಲ್ಲ ಗಂಟುಗಂಟು. ಉಳಿದಿದ್ದ ಉಪ್ಸಾರನ್ನು ಬಿಸಿ ಮಾಡಿ, ಹರಿವಾಣವನ್ನು ನೆಲದ ಮಧ್ಯೆ ಇಟ್ಟು, ಯಾರನ್ನೂ ಕರೆಯದೆ, ಯಾರ ಕಡೆಗೂ ನೋಡದೆ, ಒಬ್ಬನೇ ಉಣ್ಣಲು ಕೂತ. ಗಂಟು ನುಂಗಲಾರದೆ ಒದ್ದಾಡುತ್ತಾ ಉಂಡ. ಬಹಳ ಹೊತ್ತಾದ ಮೇಲೆ ತಮ್ಮ ಅಮ್ಮನ ಮಡಿಲಿನಿಂದ ಜಾರಿ, ತೆವಳಿಕೊಂಡು ಬಂದು, ಅಪ್ಪನ ತಟ್ಟೆಯಿಂದ ಚೂರು ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟುಕೊಂಡ. ಅಪ್ಪನ ಕೈ ಬಾಯಿಯ ಹತ್ತಿರವೇ ನಿಂತಿತು. ಆಮೇಲೆ ಏನೂ ಆಗದವನಂತೆ ಉಣ್ಣುವುದನ್ನು ಮುಂದುವರಿಸಿದ. ಕಣ್ಣೀರು ಮೂಗಿನ ತುದಿಯಿಂದ ತಟ್ಟೆಗೆ ಬೀಳುತ್ತಿತ್ತು. ಅತ್ತೆ ಗೋಡೆಯ ಕಡೆಗೆ ತಿರುಗಿ ಕೂತಳು. ಅವಳ ಬೆನ್ನು ಅಲುಗುವುದು ನನಗೆ ಕಾಣುತ್ತಿತ್ತು.

ಅವಳು ಮತ್ತೆಂದೂ ನಮ್ಮ ಮೇಲೆ ಕೈಯೆತ್ತಲಿಲ್ಲ. ನಲ್ಲಿಯ ಹತ್ತಿರದ ಜಗಳಗಳು ಮಾತ್ರ ಕೊನೆಯವರೆಗೂ ನಡೆದವು. ಕಥೆಗಳೂ ಮರಳಿ ಬಂದವು. ತಮ್ಮ ಎತ್ತರವಾಗಿ, ಅಗಲವಾಗಿ ಬೆಳೆದ. ಹಾಗಲಕಾಯಿ ಹುರಿದಿದ್ದರೆ ನನ್ನ ಪಾಲನ್ನೂ ಕಸಿದು ತಿನ್ನುತ್ತಿದ್ದ.

ನಾನು ಕಾಲೇಜು ಸೇರಿದ ವರ್ಷ, ತೊಂಬತ್ತರ ದಶಕದ ಮೊದಲಲ್ಲಿ, ಅವಳು ಹೋದಳು. ಮಂಡಿನೋವಿನಿಂದ ಸ್ಟೇಷನ್ನಿನ ಸೇತುವೆ ಹತ್ತಲಾರದೆ ಹಳಿ ದಾಟಿ ಸೊಪ್ಪು ತರಲು ಹೋಗುವ ಅಭ್ಯಾಸವಿತ್ತು. ಬೇಡವೆಂದು ಎಲ್ಲರೂ ಎಷ್ಟೋ ಸಲ ಹೇಳಿದ್ದರು. ಒಂದು ಗಾಡಿಯನ್ನು ನೋಡಿಕೊಂಡು ನಿಂತವಳು, ಇನ್ನೊಂದು ಹಳಿಯ ಮೇಲೆ ಬಂದ ಫಾಸ್ಟ್ ಲೋಕಲನ್ನು ನೋಡಲಿಲ್ಲ. ಆಸ್ಪತ್ರೆಗೆ ಹೋಗಿ ಗುರುತು ಹಿಡಿದು ಬಂದ ಅಪ್ಪ, "ಮುಖಕ್ಕೆ ಏನೂ ಆಗಿಲ್ಲ" ಎಂದಷ್ಟೇ ಹೇಳಿದ. ಉಳಿದದ್ದನ್ನು ಯಾವತ್ತೂ ಹೇಳಲಿಲ್ಲ. ಮಾವಶಿ ಎದೆ ಬಡಿದುಕೊಂಡು ಮರಾಠಿಯಲ್ಲಿ ಅತ್ತಳು. ತಮ್ಮ ಗೋಡೆಗೆ ಹಣೆ ಚಚ್ಚಿಕೊಳ್ಳತೊಡಗಿದ. ಅಪ್ಪ ಹಿಂದಿನಿಂದ ಅವನನ್ನು ತಬ್ಬಿ ಹಿಡಿದ. ತಮ್ಮ ಅವನ ತೋಳಿಗೆ ಗುದ್ದಿದ, ಮೊಣಕೈಯಿಂದ ಪಕ್ಕೆಗೆ ತಿವಿದ. ಅಪ್ಪ ಅಷ್ಟನ್ನೂ ತಿಂದು, ಅವನು ಸುಸ್ತಾಗುವವರೆಗೂ ಬಿಡದೆ ಹಿಡಿದುಕೊಂಡಿದ್ದ.

ನಾನೀಗ ಇದೇ ಊರಿನ ವಿಲೆ ಪಾರ್ಲೆಯಲ್ಲಿದ್ದೇನೆ. ನನಗೊಬ್ಬಳು ಚಿಕ್ಕ ಮಗಳಿದ್ದಾಳೆ. ಅವಳೂ ಬಾಯಿ ಬಿಗಿಯುತ್ತಾಳೆ, ಉಗುಳುತ್ತಾಳೆ, ಪಲ್ಯದ ಚೂರುಗಳನ್ನೆಲ್ಲ ಹೆಕ್ಕಿ ತಟ್ಟೆಯ ಹೊರಗಿಡುತ್ತಾಳೆ. ಆಗ ನನ್ನ ಬಲಗೈಯಲ್ಲಿ ಏನೋ ಏರುತ್ತದೆ. ಅದು ಬಾರುಕೋಲು ಹಿಡಿದ ತಾತನಿಂದ ಅಪ್ಪನಿಗೆ, ಅತ್ತೆಗೆ, ಅಲ್ಲಿಂದ ನನಗೆ ಬಂದದ್ದು. ನಾನು ಎದ್ದು ಬಾಲ್ಕನಿಗೆ ಹೋಗಿ, ಸರಳು ಹಿಡಿದು ನಿಲ್ಲುತ್ತೇನೆ. ಕೆಲವು ಸಲ ಬೇಗ ಇಳಿಯುತ್ತದೆ, ಕೆಲವು ಸಲ ಬಹಳ ಹೊತ್ತು ಬೇಕಾಗುತ್ತದೆ. ಒಳಗೆ ಬಂದು ಮತ್ತೆ ಅವಳ ಎದುರು ಕೂತು ನನ್ನ ಊಟ ನಾನು ಮಾಡುತ್ತೇನೆ. ಒಮ್ಮೊಮ್ಮೆ ಅವಳು ಕೈ ಚಾಚುತ್ತಾಳೆ. ಎಷ್ಟೋ ಸಲ ಚಾಚುವುದಿಲ್ಲ. ನನ್ನ ಕಣ್ಣಲ್ಲಿ ಕಣ್ಣಿಟ್ಟು, ಗಟ್ಟಿಯಾಗಿ, ಹಿಂದೆ ಸರಿಯದೆ, ಮುಖಕ್ಕೆ ತೋಳು ಅಡ್ಡ ಹಿಡಿಯದೆ, "ಬೇಡ" ಎನ್ನುತ್ತಾಳೆ.